ಕೆಟ್ಟಿಲ್ರಿ, ಹಂಗ ಮಾಡೇನಿ

ರಾಯಬಾಗದ ನಮ್ಮ ಓಣಿಯಲ್ಲಿ ಮದುವೆಗಳಿಗೆ ಸ್ಪೀಕರ್ ಸೆಟ್ಟು ಬಾಡಿಗೆ ಕೊಡುವವರೊಬ್ಬರಿದ್ದರು. ಅವರ ಜೀವ ಇದ್ದದ್ದು ಬೇರೆ ಕಡೆ. ಕಬ್ಬಿನ ಗಾಣದ ಗರಗರ, ಕುಡಚಿ ಸ್ಟೇಷನ್ನಿನ ಹಳಿಗಳ ಕಿರಿಚಾಟ, ಮೈಕಿನ ಕೂಗು ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿ, ಟೇಪು ಕತ್ತರಿಸಿ, ಹಿಂದುಮುಂದಾಗಿ ಅಂಟಿಸಿ ಕೇಳಿಸುತ್ತಿದ್ದರು. ಯಾರಾದರೂ ಮುಖ ಸಿಂಡರಿಸಿದರೆ ಹಲ್ಲು ಕಡಿಯುತ್ತ ಹೇಳುತ್ತಿದ್ದರು, “ಕೆಟ್ಟಿಲ್ರಿ, ಹಂಗ ಮಾಡೇನಿ.”

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಅವರಿಗೆ ಹತ್ತು ನಿಮಿಷ ಸಿಕ್ಕಿತು. ಅವರ ಕಲಾಜೀವನದ ಮೊದಲ ಮತ್ತು ಕೊನೆಯ ಕಾರ್ಯಕ್ರಮ. ಟೇಪು ಶುರುವಾದದ್ದೇ ತಡ, ಮುಂದಿನ ಸಾಲಿನವರು ಸಹಾಯಕ್ಕೆ ಓಡಿದರು. ಒಬ್ಬ ವೈರು ಅಲುಗಾಡಿಸಿದ, ಒಬ್ಬ ಆಂಪ್ಲಿಫೈಯರಿಗೆ ಗುದ್ದಿದ, ಇನ್ನೊಬ್ಬ ಕ್ಯಾಸೆಟ್ಟನ್ನೇ ಕಿತ್ತು ಭಾವಗೀತೆ ಹಾಕಿ, “ಈಗ ಸರಿ ಆತು ನೋಡ್ರಿ” ಎಂದ. ಸಭೆ ಚಪ್ಪಾಳೆ ತಟ್ಟಿತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಮೇಲೆ ಅಧ್ಯಕ್ಷರು ಭಾಷಣಕ್ಕೆ ನಿಂತರು. ಗುದ್ದು ತಿಂದ ಆಂಪ್ಲಿಫೈಯರು ಮಾತುಮಾತಿಗೂ ಕಿರಿಚಿತು, ಒಂದಕ್ಷರ ತಿಳಿಯಲಿಲ್ಲ. ಆದರೂ ಯಾರೂ ಏಳಲಿಲ್ಲ, ತಲೆಯಾಡಿಸುತ್ತ ಕೂತರು.

ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಸ್ಪೀಕರ್ ಸೆಟ್ಟಿನವರಿಗೆ, “ನೀವಾದ್ರೂ ರಿಪೇರಿ ಮಾಡ್ರಿ” ಎಂದೆ.

“ಯಾಕ ಮಾಡ್ಲಿ? ಇದು ಖರೇನ ಕೆಟ್ಟೈತಿ. ಅದಕ್ಕ ಎಲ್ಲಾರೂ ಕೇಳಾಕತ್ತಾರ.”