ದೇವರ ಜಗಲಿ ಏರಿದ ಪಂಪ್

ನನಗೆ ಉಬ್ಬಸ ಶುರುವಾದ ಮೇಲೆ ನಮ್ಮ ಬೆಂಗೇರಿಯ ಓಣಿಯಲ್ಲಿ ಡಾಕ್ಟರಲ್ಲದವರು ಯಾರೂ ಉಳಿಯಲಿಲ್ಲ. ಹಾಲು ಹಾಕುವವನು ಆಡುಸೋಗೆ ಸೊಪ್ಪು ತಂದುಕೊಟ್ಟ. ಪಕ್ಕದ ಮನೆಯ ಕಾಕಾ ಬಿಸಿನೀರಿಗೆ ಅರಿಶಿಣ ಹಾಕಿ ಕುಡಿ ಎಂದರು. ಈ ಉಪದೇಶವನ್ನು ಅವರು ಬೀಡಿ ಸೇದುತ್ತ, ಹೊಗೆಯನ್ನು ನನ್ನ ಮುಖಕ್ಕೇ ಬಿಡುತ್ತ ಮಾಡಿದರು. ಒಬ್ಬರ ಮದ್ದು ಇನ್ನೊಬ್ಬರಿಗೆ ಸೇರದಿದ್ದರೂ ಒಂದು ಮಾತಿಗೆ ಮಾತ್ರ ಎಲ್ಲರೂ ಒಪ್ಪಿದ್ದರು: ಏನೇ ಆಗಲಿ ಬಾಯಿಗೆ ಹಚ್ಚಿ ಔಷಧಿ ಎಳೆದುಕೊಳ್ಳುವ ಪಂಪ್ ಹಿಡಿಯಬಾರದು, ಹಿಡಿದವನು ಸಾಯುವ ತನಕ ಬಿಡುವುದಿಲ್ಲ. ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ನನ್ನ ಅವ್ವ.

ನಮ್ಮದು ಕಾಳಿನ ವ್ಯಾಪಾರ. ಜೋಳ, ಕಡಲೆ, ತೊಗರಿಯ ಚೀಲ ಇಳಿಯುವಾಗ ಏಳುವ ಧೂಳನ್ನೇ ಇಪ್ಪತ್ತು ವರ್ಷ ಉಂಡವನು ನಾನು. ಧೂಳೇ ಲಕ್ಷ್ಮಿ ಎಂದು ಅಪ್ಪ ಇದ್ದಾಗ ಹೇಳುತ್ತಿದ್ದರು. ಆ ಲಕ್ಷ್ಮಿ ಗಲ್ಲಾಪೆಟ್ಟಿಗೆಗೆ ಹೋಗುವುದು ಬಿಟ್ಟು ನನ್ನ ಎದೆಯಲ್ಲಿ ಕೂತಳು. ನಸುಕಿನಲ್ಲಿ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಎದೆಯೊಳಗೆ ಸುಂಯ್ ಸುಂಯ್ ಸದ್ದು. ಬೆಕ್ಕಿನ ಮರಿ ಒಳಗೆ ಬಂದಿದೆಯೆಂದು ಹೆಂಡತಿ ಒಮ್ಮೆ ಮಂಚದ ಕೆಳಗೆಲ್ಲ ಹುಡುಕಿದ್ದಳು.

ಕೊನೆಗೆ ಅವಳೇ ನನ್ನನ್ನೂ ಅವ್ವನನ್ನೂ ಆಟೋದಲ್ಲಿ ಕೂರಿಸಿ ಎದೆರೋಗದ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಒಂದು ಕೊಳವೆ ಕೊಟ್ಟು ಜೋರಾಗಿ ಊದು ಎಂದರು. ಕಡಲೆ ಚೀಲ ಹೊತ್ತ ಹೆಗಲು ನನ್ನದು, ಆದರೂ ಊದಲಾಗಲಿಲ್ಲ. ಹೆಂಡತಿಯ ಎದುರು ಮಾನ ಹೋಯಿತು.

"ನಿಮ್ಮ ಶ್ವಾಸನಾಳ ಅಂದ್ರ ನಮ್ಮ ಹುಬ್ಬಳ್ಳಿ ಬಜಾರದ ಓಣಿ ಇದ್ದಂಗ್ರಿ," ಎಂದರು ಡಾಕ್ಟರು. "ಎರಡೂ ಕಡೆ ಅಂಗಡ್ಯಾವ್ರು ಸಾಮಾನು ರಸ್ತೇಕ ಚಾಚ್ಯಾರ, ಅದು ಬಾವು. ನಡುವ ಕೆಸರು ತುಂಬೇತಿ, ಅದು ಕಫ. ಧೂಳು, ಹೊಗಿ ಬಂತಂದ್ರ ಓಣಿ ಮತ್ತಷ್ಟು ಬಿಗೀತೈತಿ. ಈ ಕಂದು ಪಂಪ್ ದಿನಾ ಎರಡು ಸಲ ತಗೋರಿ, ಆರಾಮ ಇದ್ರೂ ಬಿಡಬ್ಯಾಡ್ರಿ. ಅದು ಸಾವಕಾಶ ಅಂಗಡ್ಯಾವ್ರನ್ನ ಹಿಂದ ಸರಸ್ತೈತಿ. ಈ ನೀಲಿದು ಉಸಿರು ಕಟ್ಟಿದಾಗ, ಲಗೂನ ದಾರಿ ಬಿಡಸಾಕ. ಇದು ಯಾವಾಗ್ಲೂ ನಿಮ್ಮ ಕಿಸೇದಾಗ ಇರಬೇಕು."

ಅವ್ವ ಮುಂದೆ ಬಾಗಿದಳು. "ಚಟಾ ಹತ್ತೂದಿಲ್ಲೇನ್ರಿ ಡಾಕ್ಟರ್?"

"ಯವ್ವಾ, ನೀವು ಚಾಳೀಸ ಹಾಕ್ಕೊಂಡೀರಿ. ಅದು ಚಟಾ ಏನ್ರಿ?"

ಅವ್ವ ಕನ್ನಡಕವನ್ನು ತೆಗೆದು ನೋಡಿದಳು, ಮತ್ತೆ ಹಾಕಿಕೊಂಡಳು.

ಅವಳ ಮನಸ್ಸು ತಿರುಗಿದ್ದು ಹೊಸ ತೊಗರಿ ಬಂದ ದಿನ. ಮಧ್ಯಾಹ್ನ ಊಟಕ್ಕೆ ಬಂದವನಿಗೆ "ನೀರು ಕೊಡು" ಎನ್ನಲೂ ಉಸಿರು ಸಾಲಲಿಲ್ಲ. ನೀಲಿ ಪಂಪನ್ನು ಅಲುಗಾಡಿಸಿ, ಒತ್ತಿ, ನಿಧಾನವಾಗಿ ಎಳೆದುಕೊಂಡು ಹತ್ತು ಎಣಿಸಿದೆ. ಸ್ವಲ್ಪ ಹೊತ್ತಿಗೆ ಎದೆ ಬಿಚ್ಚಿತು, ಚಹಾ ಕೇಳಿದೆ. ಅವ್ವ ಕಣ್ಣು ಬಿಟ್ಟು ನೋಡುತ್ತ ನಿಂತಿದ್ದಳು. ಅವಳಿಗೆ ಅರ್ಧ ನಂಬಿಕೆ ಎಂಬುದು ಗೊತ್ತಿಲ್ಲ. ಮರುದಿನದಿಂದ ಓಣಿಯಲ್ಲಿ ಯಾರು ಸೀನಿದರೂ ಪಂಪ್ ತಗೋ ಎನ್ನತೊಡಗಿದಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಖಂಡೇ ಪೂಜೆ ಬಂತು. ದಸರೆಯ ಆ ಆಯುಧ ಪೂಜೆಯಂದು ನಮ್ಮ ಮನೆಯಲ್ಲಿ ದುಡಿಯುವ ಸಾಮಾನೆಲ್ಲ ದೇವರ ಜಗಲಿ ಏರುತ್ತದೆ, ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಈಳಿಗೆಯೂ ಅಲ್ಲೇ ಇರುವುದರಿಂದ ಹೆಂಡತಿ ಬೀನ್ಸನ್ನು ಕೈಯಿಂದ ಮುರಿಯುತ್ತಾಳೆ. ಆ ದಿನ ನಾನು ಸ್ನಾನ ಮಾಡಿ ಬಂದು ನೋಡುತ್ತೇನೆ: ತಕ್ಕಡಿ, ತೂಕದ ಕಲ್ಲು, ಸ್ಕೂಟರಿನ ಕೀಲಿ, ಮಿಕ್ಸರ್, ಎಲ್ಲದರ ನಟ್ಟನಡುವೆ ನನ್ನ ಎರಡು ಪಂಪ್. ಬಾಯಿಗೆ ಹಚ್ಚಿದ್ದು ದೇವರ ಮುಂದೆ ಇಡಬಾರದೆಂದು ಅವುಗಳ ಬಾಯಿ ತೊಳೆದು ಒರೆಸಿ, ಮೂರೆಳೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೆ ಚೆಂಡುಹೂ ಏರಿಸಿದ್ದಳು ಅವ್ವ.

ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವಳು ಕೆಂಡದ ಮೇಲೆ ಒಂದು ಹಿಡಿ ಲೋಬಾನ ಸುರಿದಳು. ಮನೆ ತುಂಬ ಹೊಗೆ ಎದ್ದಿತು, ನನ್ನ ನಗು ಅರ್ಧಕ್ಕೇ ನಿಂತಿತು.

"ಅವ್ವಾ... ಪಂಪ್..."

"ಪೂಜಿಗೆ ಇಟ್ಟಿದ್ದು ಕದಲಸಾಂಗಿಲ್ಲೋ. ನಿಮ್ಮಪ್ಪ ಸೈಕಲ್ ಪೂಜಿಗಿಟ್ಟು ಅಂಗಡಿತನಾ ನಡಕೊಂಡ ಹೋಗ್ತಿದ್ದ."

ನಡೆಯಲಿಕ್ಕೆ ಅಪ್ಪನಿಗೆ ಉಸಿರಿತ್ತು ಎನ್ನಬೇಕೆಂದುಕೊಂಡೆ. ಒಂದು ಉಸಿರಿಗೆ ಒಂದೇ ಮಾತು ಹೊರಡುವವನು ಅವ್ವನ ಹತ್ತಿರ ವಾದ ಗೆದ್ದದ್ದುಂಟೇ? ಹೆಗಲು ಕಿವಿಯ ತನಕ ಏರಿತು, ಗೋಡೆ ಹಿಡಿದು ಕೂತೆ. ಹೆಂಡತಿ ಓಡಿಬಂದು ಲೋಬಾನವನ್ನು ಅಂಗಳಕ್ಕೆ ಒಯ್ದಿಟ್ಟು, ಕಿಟಕಿ ತೆರೆದು, ಜಗಲಿಗೆ ಕೈ ಚಾಚಿದಳು. ಅವ್ವ ಅವಳ ಕೈ ಹಿಡಿದಳು. ಆ ಗಳಿಗೆ ನನಗೆ ನಿಜಕ್ಕೂ ಸಾಯುವ ಹೆದರಿಕೆಯಾಯಿತು.

"ನೀ ಸರಿಯವ್ವಾ," ಎಂದಳು ಅವ್ವ ಸೊಸೆಗೆ. "ಪಾಪ ಬಂದ್ರ ನನಗ ಬರ್ಲಿ."

ಹೂ ಕಿತ್ತೊಗೆದು ನೀಲಿ ಪಂಪನ್ನು ತಾನೇ ಎತ್ತಿಕೊಂಡಳು. ಸೆರಗಿನಿಂದ ವಿಭೂತಿ ಒರೆಸಿ, ಗಡಗಡ ಅಲುಗಾಡಿಸಿ ನನ್ನ ಬಾಯಿಗೆ ಹಿಡಿದಳು. "ಹಿಡಿ, ಉಸಿರು ಹಿಡಿ," ಎಂದು ಹತ್ತರ ತನಕ ಅವಳೇ ಎಣಿಸಿದಳು, ಏಳನ್ನು ಎರಡು ಸಲ ಎಣಿಸಿದಳು. ಎದೆ ಬಿಚ್ಚಿದ ಮೇಲೆ ಕನ್ನಡಿ ನೋಡಿಕೊಂಡರೆ ನನ್ನ ತುಟಿ ತುಂಬ ಕುಂಕುಮ.

ಮರುವರ್ಷ ಮತ್ತೆ ಖಂಡೇ ಪೂಜೆ ಬಂತು. ಲೋಬಾನ ಇರಲಿಲ್ಲ, ಬರೀ ದೀಪ. ಜಗಲಿಯ ಮೇಲೆ ವಿಭೂತಿ ಹಚ್ಚಿದ ನೀಲಿ ಪಂಪ್ ಕಂಡು ಕಿಸೆ ಮುಟ್ಟಿ ನೋಡಿದೆ, ಅಲ್ಲಿ ಪಂಪ್ ಇರಲಿಲ್ಲ. ಎತ್ತಿ ಅಲುಗಾಡಿಸಿದೆ. ಅದು ಮುಗಿದುಹೋಗಿದ್ದ ಹಳೆಯ ಪಂಪ್. ದೇವರಿಗೆ ತಂದ ತೆಂಗಿನಕಾಯಿಯ ಒಂದು ಕಣ್ಣು ಮೆತ್ತಗಿದ್ದರೂ ಅಂಗಡಿಗೆ ತಿರುಗಿ ಕಳಿಸುವವಳು ಅವ್ವ.

"ದೇವ್ರಿಗೆ ಖಾಲಿದು ಇಟ್ಟೀಯೇನವ್ವಾ?" ಎಂದೆ.

ಅವ್ವ ಸೆರಗಿನ ಗಂಟು ಬಿಚ್ಚಿದಳು. ತುಂಬಿದ ಪಂಪ್ ಅದರೊಳಗಿತ್ತು. ಅದನ್ನು ನನ್ನ ಕಿಸೆಗೆ ತುರುಕಿ, ಮೇಲೆ ಎರಡು ಸಲ ತಟ್ಟಿದಳು.

"ದೇವ್ರದೇನ್ ಉಸಿರು ಕಟ್ಟೂದಿಲ್ಲ, ತಡೀತಾನ," ಎಂದಳು.