ರದ್ದಾದ ವಿಮಾನ, ಜುಂಜಣ್ಣನ ಹಾಜರಿ

೨೦೨೩ರಲ್ಲಿ ನಾನು ಮಧುಗಿರಿಯಲ್ಲಿ ವಕೀಲಿ ಮಾಡಿಕೊಂಡಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಜಮೀನಿನ ವ್ಯಾಜ್ಯ, ಜೀವನಾಂಶ, ಚೆಕ್ ಬೌನ್ಸ್, ಇವೇ ನನ್ನ ಹೊಟ್ಟೆಪಾಡು. ಇಲ್ಲಿ ಕೂತು ವಿಮಾನ ಕಂಪನಿಯೊಂದರ ಮೇಲೆ ದೂರು ದಾಖಲಿಸುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಯಜಮಾನರು ಹೇಳುತ್ತಾರೆ. ಹೌದು, ಇರುತ್ತದೆ. ಈ ಪ್ರಕರಣವನ್ನು ನೆನೆದಾಗ ಇವತ್ತಿಗೂ ಅದು ಅಲ್ಲಿಂದ ಕೆಳಗಿಳಿದಿಲ್ಲ.

ಜುಂಜಣ್ಣ ನನ್ನ ಕಚೇರಿಗೆ ಬಂದಾಗ ಹೆಗಲ ಮೇಲೊಂದು ಹೊಸ ಕರಿಕಂಬಳಿ ಇತ್ತು. ಬಿರುಬಿಸಿಲಿನ ದಿನ. ಪಾವಗಡ ತಾಲ್ಲೂಕಿನ ಬಲಸಮುದ್ರದವನು, ವಯಸ್ಸು ನಲವತ್ತರ ಮೇಲೆ. ಕುರಿ ಕಾಯುವ ಮನೆತನ. ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋದ ಮೇಲೆ ಅಲ್ಲೇ ಪ್ಯಾನಲ್ ಕೂರಿಸುವ ಕೆಲಸ ಕಲಿತಿದ್ದ. ಕೆಲಸ ಚೆನ್ನಾಗಿ ಬರುತ್ತಿದ್ದುದರಿಂದ ಕಂಟ್ರಾಕ್ಟರು ಅವನನ್ನು ಗುಜರಾತಿನ ಸೋಲಾರ್ ಸೈಟುಗಳಿಗೂ ಕಳಿಸುತ್ತಿದ್ದ.

ಜುಂಜಣ್ಣನ ಅಕ್ಕ ಕಾಟಮ್ಮನನ್ನು ಬಡವನಹಳ್ಳಿ ಪಕ್ಕದ ಊರಿಗೆ ಕೊಟ್ಟಿದೆ. ಅವಳ ಮಗಳು ಪವಿತ್ರಳ ಮದುವೆ ಗೊತ್ತಾಗಿತ್ತು. ಇವರ ಮನೆತನದಲ್ಲಿ ಸೋದರಮಾವ ತಂದ ಕಂಬಳಿಯ ಮೇಲೆಯೇ ಹೆಣ್ಣನ್ನು ಕೂರಿಸಿ ಅರಿಶಿನ ಹಚ್ಚಬೇಕು, ಅವನೇ ಅವಳ ಕೈ ಹಿಡಿದು ಚಪ್ಪರಕ್ಕೆ ಕರೆತರಬೇಕು. ಆದರೆ ಹಿಂದೆ ಒಂದು ಇರಿಸುಮುರಿಸಿತ್ತು. ಪವಿತ್ರಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಜುಂಜಣ್ಣ ಕೇಳಿದ್ದ, ಹುಡುಗಿ ಒಲ್ಲೆನೆಂದಿದ್ದಳು, ಅಕ್ಕ ಮಗಳ ಮಾತನ್ನು ಎತ್ತಿಹಿಡಿದಿದ್ದಳು. ಜುಂಜಣ್ಣ ಸ್ವಲ್ಪ ದಿನ ಮುನಿಸಿಕೊಂಡು, ಆಮೇಲೆ ತಾನೇ ಸರಿಹೋದ. ಕಂಬಳಿ ನೇಯಲು ಹೇಳಿ, ಅದನ್ನು ಮನೆಗೆ ತಂದಿಟ್ಟೇ ಗುಜರಾತಿಗೆ ಹೊರಟಿದ್ದ.

ಮದುವೆಯ ಹಿಂದಿನ ದಿನ ಅಹಮದಾಬಾದಿನಿಂದ ಬೆಂಗಳೂರಿಗೆ ವಿಮಾನ. ಅವನ ಜನ್ಮದಲ್ಲಿ ಮೊದಲನೆಯದು. ರೈಲಿಗೆ ಸೀಟು ಸಿಗದೆ, ತಪ್ಪಿಸಬಾರದೆಂದು ತನ್ನ ಕೂಲಿಯಲ್ಲೇ ಟಿಕೆಟ್ ಕೊಂಡಿದ್ದ. ನಿಲ್ದಾಣದಲ್ಲಿ ಕಾದು ಕೂತಿದ್ದಾಗ ವಿಮಾನ ರದ್ದಾಗಿದೆ ಎಂದರು. ಎಲ್ಲರೂ ಕೌಂಟರಿಗೆ ಮುಗಿಬಿದ್ದರು. ಇವನ ಸರದಿ ಬಂದಾಗ ಅಲ್ಲಿದ್ದ ಹುಡುಗಿ ಹಿಂದಿಯಲ್ಲಿ ಏನೋ ಹೇಳಿ, ಫೋನಿಗೆ ಬಂದ ಓಟಿಪಿ ಕೇಳಿದಳು. ಇವನು ಓದಿ ಹೇಳಿದ. ಮುಂದಿನ ವಿಮಾನಕ್ಕೆ ತನ್ನ ಹೆಸರು ಸೇರಿತೆಂದುಕೊಂಡು ಪಕ್ಕಕ್ಕೆ ಹೋಗಿ ಕೂತ. ಸೇರಿರಲಿಲ್ಲ. ವಿಷಯ ತಿಳಿದ ಮೇಲೆ ಅಕ್ಕನಿಗೆ ಫೋನು ಮಾಡಿ, ಕೈಗೆ ಸಿಕ್ಕ ರೈಲು ಹತ್ತಿದ. ಅವನು ಬರುವಷ್ಟರಲ್ಲಿ ಮದುವೆ ಮುಗಿದು, ಚಪ್ಪರದ ಗರಿಯೂ ಒಣಗಿತ್ತು.

ಅಕ್ಕನ ಮನೆಯವರು ಮುಖ ತಿರುಗಿಸಿದರು. ವಿಮಾನ ರದ್ದಾದ ಪುರಾವೆ ಇದೆಯಲ್ಲ ಎಂದು ಇವನೇ ಫೋನು ತೆಗೆದು ಭಾವನ ತಮ್ಮನ ಕೈಗೆ ಕೊಟ್ಟ. ಆತ ಕಂಪನಿಯಿಂದ ಬಂದಿದ್ದ ಇಂಗ್ಲಿಷ್ ಮೆಸೇಜು ಓದಿ ನೆರೆದವರಿಗೆಲ್ಲ ಅರ್ಥ ಹೇಳಿದ: "ನಿಮ್ಮ ಕೋರಿಕೆಯ ಮೇರೆಗೆ ನಿಮ್ಮ ಟಿಕೆಟ್ಟನ್ನು ರದ್ದುಪಡಿಸಲಾಗಿದೆ."

ಅಲ್ಲಿಗೆ ಮುಗಿಯಿತು. ಹೆಣ್ಣು ಕೊಡಲಿಲ್ಲವೆಂಬ ಸಿಟ್ಟಿಗೆ ಬೇಕೆಂದೇ ಬರಲಿಲ್ಲ, ಮೇಲೆ ಸುಳ್ಳು ಬೇರೆ ಹೇಳುತ್ತಾನೆ ಎಂದು ಎರಡೂ ಊರಿನಲ್ಲಿ ಮಾತಾಯಿತು. ಕಂಬಳಿ ಮುಟ್ಟಿ ಆಣೆ ಮಾಡುತ್ತೇನೆ ಎಂದನಂತೆ ಜುಂಜಣ್ಣ. ಅವರ ಹಟ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಆದರೆ ಅಕ್ಷರದಲ್ಲಿ ಬಂದಿದೆಯಲ್ಲ, ಆಣೆ ಯಾಕೆ ಎಂದು ಹಿರಿಯರು ಕೈಕೊಡವಿ ಎದ್ದರು.

ಸಂಕಟ ಹೆಚ್ಚಾದರೆ ಅವನ ಬಾಯಿಗೆ ತೆಲುಗು ಬರುತ್ತಿತ್ತು. "ಅಕ್ಕ ನಮ್ಮಲೇದು ಮೇಡಂ, ನಂಬ್ಲೇ ಇಲ್ಲ. ನಂಗೆ ದುಡ್ಡುಗಿಡ್ಡು ಬ್ಯಾಡ. ಕ್ಯಾನ್ಸಲ್ ಮಾಡಿದ್ದು ನಾವೇ ಅಂತ ಅವ್ರ ಕೈಲಿ ಬರ್ಸಿಕೊಡಿ, ಸಾಕು" ಎಂದ.

ನಿಯಮ ಸರಳವಾಗಿದೆ. ಮೊದಲೇ ತಿಳಿಸದೆ ವಿಮಾನ ರದ್ದು ಮಾಡಿದರೆ ಕಂಪನಿ ಬೇರೆ ವಿಮಾನದ ವ್ಯವಸ್ಥೆ ಮಾಡಬೇಕು, ಇಲ್ಲವೇ ಟಿಕೆಟ್ ಹಣ ಮರಳಿಸಬೇಕು. ಜೊತೆಗೆ ಪರಿಹಾರವನ್ನೂ ಕೊಡಬೇಕು. ಹವಾಮಾನದಂಥ ಕೈಮೀರಿದ ಕಾರಣವಿದ್ದರೆ ಮಾತ್ರ ಪರಿಹಾರದಿಂದ ವಿನಾಯಿತಿ. ಆದರೆ ಪ್ರಯಾಣಿಕ ತಾನಾಗಿಯೇ ರದ್ದು ಮಾಡಿದರೆ ಪರಿಹಾರದ ಮಾತೇ ಇಲ್ಲ. ಆ ಓಟಿಪಿ ಯಾಕೆ ಬೇಕಿತ್ತೆಂದು ನನಗೆ ಆಗ ಹೊಳೆಯಿತು: ಅದನ್ನು ಹೇಳಿದರೆ ರದ್ದತಿಗೆ ಪ್ರಯಾಣಿಕನೇ ಒಪ್ಪಿದಂತೆ ದಾಖಲಾಗುತ್ತದೆ. ತಮ್ಮ ತಪ್ಪನ್ನು ಅವನ ಬಾಯಿಂದಲೇ ಅವನ ತಲೆಗೆ ಕಟ್ಟಿದ್ದರು.

ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದೆ. ಕಂಪನಿಯ ಮೊದಲ ತಕರಾರು, ದಾವೆ ದೆಹಲಿಯಲ್ಲೇ ನಡೆಯಬೇಕು, ಟಿಕೆಟ್ಟಿನ ಷರತ್ತಿನಲ್ಲಿ ಹಾಗಿದೆ ಎಂದು. ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು ಕಾನೂನೇ ಹೇಳುತ್ತದೆ. ಅದು ಅವರ ವಕೀಲರಿಗೆ ಗೊತ್ತಿಲ್ಲದೆ ಇರಲಿಲ್ಲ. ಬಲಸಮುದ್ರದವನು ದೆಹಲಿ ಎಂದ ಕೂಡಲೇ ಹೆದರಿ ಕೈಬಿಡುತ್ತಾನೆ ಎಂಬ ಲೆಕ್ಕ. ಅದು ನಡೆಯದಿದ್ದಾಗ ರಾಜಿಗೆ ಬಂದರು: ದೇಶದೊಳಗೆ ಎಲ್ಲಿಗಾದರೂ ಉಚಿತವಾಗಿ ಹೋಗಿಬರಲು ಒಂದು ವೋಚರ್.

ನಾನು ಅದನ್ನು ಜುಂಜಣ್ಣನಿಗೆ ವಿವರಿಸಿದೆ. "ಅದ್ರಾಗೆ ಯಾರ ಮದ್ವೆಗೆ ಹೋಗ್ಲಿ ಮೇಡಂ?" ಎಂದ.

ಆಯೋಗದಲ್ಲಿ ಎದುರಾಳಿಗೆ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಡುವ ಪದ್ಧತಿಯಿದೆ. ನಾನು ಮುಖ್ಯವಾಗಿ ಕೇಳಿದ್ದು ಒಂದೇ: ಆ ದಿನ ಆ ವಿಮಾನ ಹಾರಿತೇ? ಹೌದು ಅಥವಾ ಇಲ್ಲ ಎನ್ನಬೇಕಾದ ಕಡೆ ಅವರು ಪುಟಗಟ್ಟಲೆ ಬರೆದರು. ಅಷ್ಟನ್ನೂ ಸೋಸಿದಾಗ ಉಳಿದದ್ದು, ಕಾರ್ಯಾಚರಣೆಯ ಕಾರಣದಿಂದ ಹಾರಲಿಲ್ಲ ಎಂಬುದು. ಹಾಗೆಂದರೆ ಮಳೆಯಲ್ಲ, ಗಾಳಿಯಲ್ಲ. ಆ ವಿಮಾನವನ್ನು ಬೇರೆ ಮಾರ್ಗಕ್ಕೆ ಕಳಿಸಿದ್ದರು. ಹಾರದೇ ಇದ್ದ ವಿಮಾನದ ಟಿಕೆಟ್ಟನ್ನು ನನ್ನ ಕಕ್ಷಿದಾರ ಯಾವ ಸೌಭಾಗ್ಯಕ್ಕೆ ರದ್ದು ಮಾಡಿದ ಎಂದು ನಾನು ದನಿಯೇರಿಸಿಯೇ ಕೇಳಿದೆ. ಆಯೋಗದ ಅಧ್ಯಕ್ಷರು ನನ್ನನ್ನು ಮೆಲ್ಲಗೆ ಎಚ್ಚರಿಸಿದರು.

ಕಂಪನಿಯ ವಕೀಲರು ಬೆಂಗಳೂರಿನ ಯುವಕ. ಅವರು ಕೊನೆಯ ಪಟ್ಟನ್ನು ಬಿಡಲಿಲ್ಲ. "ಓಟಿಪಿ ಕೊಡುವುದೆಂದರೆ ಒಪ್ಪಿಗೆ ಕೊಡುವುದು. ದೂರುದಾರರು ಕೊಟ್ಟಿದ್ದಾರೆ" ಎಂದರು.

ಅಧ್ಯಕ್ಷರು ನೇರವಾಗಿ ಜುಂಜಣ್ಣನನ್ನೇ ಕೇಳಿದರು: "ಯಾಕಪ್ಪಾ ಕೊಟ್ಟೆ?"

"ದಿನಾ ಕೊಡ್ತೀನಲ್ಲ ಸ್ವಾಮಿ. ಸೈಟ್ನಾಗೆ ಬೆಳಿಗ್ಗೆ ಹೋದೇಟ್ಗೆ ಪೋನಿಗೆ ಓಟಿಪಿ ಬತ್ತದೆ, ಸೂಪರ್ವೈಜರ್‌ಗೆ ಹೇಳ್ಬೇಕು. ಹೇಳುದ್ರೇನೆ ಹಾಜ್ರಿ, ಇಲ್ದಿದ್ರೆ ಬಂದಿಲ್ಲ ಅಂತ ಲೆಕ್ಕ. ಆ ಹುಡ್ಗೀನೂ ಅಂಗೇ ಕೇಳಿದ್ಲು. ನಾನು ಬಂದಿದೀನಿ, ಇಲ್ಲೇ ಇದೀನಿ ಅಂತ ಹೇಳಕ್ಕೇ ಕೊಟ್ಬುಟ್ಟೆ."

ಆ ಯುವ ವಕೀಲರು ತಮ್ಮ ಕಡತದ ಕಡೆ ನೋಡತೊಡಗಿದರು. ಇಷ್ಟು ದಿನ ನನಗೂ ಈ ವಿಷಯ ಗೊತ್ತಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ. ಬಂದಿದ್ದೇನೆ ಎಂದು ಹೇಳಿದವನನ್ನೇ ಕಂಪನಿಯವರು ಬರಲೊಲ್ಲೆ ಎಂದನೆಂದು ಬರೆದುಕೊಂಡಿದ್ದರು.

ಆದೇಶ ನಮ್ಮ ಪರ ಬಂತು. ಪರಿಹಾರ, ಖರ್ಚು, ಜೊತೆಗೆ ವಿಮಾನವನ್ನು ರದ್ದು ಮಾಡಿದ್ದು ಕಂಪನಿಯೇ ಎಂದು ದೂರುದಾರರಿಗೆ ಕನ್ನಡದಲ್ಲಿ ಬರೆದುಕೊಡಬೇಕು. ಹಣ ಬಂತು, ಪತ್ರ ಬರಲಿಲ್ಲ. ಅಮಲ್ಜಾರಿ ಅರ್ಜಿ, ಎಂದರೆ ಆದೇಶ ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಿದ ಮೇಲೆ ಇಂಗ್ಲಿಷಿನಲ್ಲಿ ಬಂತು. ವಾಪಸ್ ಕಳಿಸಿದೆ. ಕೊನೆಗೆ ಕನ್ನಡದ್ದು ಬಂತು. ರದ್ದು ಮಾಡಿದ್ದು ನಾವೇ ಎಂದು ಒಪ್ಪಿಕೊಂಡು, ಕೆಳಗೆ ಹೀಗೆ ಬರೆದಿದ್ದರು: "ತಮಗೆ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ." ಅನಾನುಕೂಲತೆಯಂತೆ! ಸೀಟಿನ ಬೆಲ್ಟು ಬಿಗಿಯಾಯಿತೇನೋ ಎಂಬಂತೆ. ಪತ್ರವನ್ನು ಹರಿದುಹಾಕಬೇಕೆನಿಸಿತು. ಅದು ಜುಂಜಣ್ಣನದಾದ್ದರಿಂದ ಸುಮ್ಮನಾದೆ.

ಅವನು ಒಬ್ಬನೇ ಹೋಗಲೊಲ್ಲದೆ ನನ್ನನ್ನೂ ಅಕ್ಕನ ಮನೆಗೆ ಕರೆದೊಯ್ದ. ಹೆಗಲ ಮೇಲೆ ಅದೇ ಕಂಬಳಿ. ನಾನು ಪತ್ರವನ್ನು ಜೋರಾಗಿ ಓದಿದೆ. ಭಾವನ ತಮ್ಮ ಇಸಿದುಕೊಂಡು ಮತ್ತೊಮ್ಮೆ ಓದಿ, ತಲೆ ತಗ್ಗಿಸಿದ. ಕಾಟಮ್ಮ ಕಾಗದವನ್ನು ಮುಟ್ಟಲಿಲ್ಲ.

"ಇದೇನೂ ಬ್ಯಾಡ ಕಣಮ್ಮ" ಎಂದು ನನಗೆ ಹೇಳಿ, ತಮ್ಮನ ಕಡೆ ತಿರುಗಿದಳು. "ಲೇ, ನೀನು ಬಾಯಾಗೆ ಹೇಳ್ದಾಗ್ಲೇ ನಾನು ನಂಬ್ಬೇಕಿತ್ತು ಕಣ್ಲಾ. ಯಾವನೋ ಕಳ್ಸಿದ್ ಮಾತ ನಂಬ್ಬುಟ್ಟೆ."

ಅವಳು ಕಂಬಳಿಯನ್ನು ಅವನ ಹೆಗಲಿಂದ ತೆಗೆದು ನಡುಮನೆಯಲ್ಲಿ ಹಾಸಿದಳು. ಅದರ ಮೇಲೆ ಯಾರೂ ಕೂರಲಿಲ್ಲ. ಕೂರಬೇಕಾದವಳು ಗಂಡನ ಮನೆಯಲ್ಲಿದ್ದಳು. ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಸೋದರಮಾವನ ಜಾಗದಲ್ಲಿ ಪವಿತ್ರಳ ಕೈ ಹಿಡಿದು ನಿಂತಿದ್ದವನು ದೂರದ ನೆಂಟನೊಬ್ಬ.

ಈಗ ನನ್ನ ಬಳಿ ಇಂಥ ದೂರು ಹಿಡಿದು ಯಾರೇ ಬರಲಿ, ಎಷ್ಟು ನಷ್ಟವಾಯಿತೆಂದು ಮೊದಲು ಕೇಳುವುದಿಲ್ಲ. ನಿಮ್ಮ ಬಗ್ಗೆ ಅವರು ಏನಂತ ಬರೆದುಕೊಂಡಿದ್ದಾರೆ, ನೀವು ಎಲ್ಲಿಗೆ ಹೊರಟಿದ್ದಿರಿ, ಇವೆರಡನ್ನು ಕೇಳುತ್ತೇನೆ. ಬರೆದದ್ದನ್ನು ಕಾನೂನು ತಿದ್ದಿಸಬಲ್ಲದು, ಜುಂಜಣ್ಣನಿಗೂ ತಿದ್ದಿಸಿಕೊಟ್ಟಿತು. ಆ ಫೋಟೋದಲ್ಲಿ ಮಾತ್ರ ಅವನು ಇವತ್ತಿಗೂ ಗೈರುಹಾಜರು.