ಹತ್ತನೇ ಸಹಿ

"ಮೇಡಂ, ನಿಮ್ಮ ಕಾನೂನು ಮುರಿದ್ರ ಹಿಡಿಯೋರು ಯಾರ್ರೀ?"

ಕಮಲಾಪುರದ ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುವ ಶರಣಪ್ಪ ಹೀಗೆ ಕೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ಇಪ್ಪತ್ತೆರಡು ವರ್ಷದಿಂದ ಕಲಬುರಗಿಯಲ್ಲಿ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತಿದ್ದೇನೆ. ಇಪ್ಪತ್ತೆರಡು ವರ್ಷದಿಂದಲೂ ಇದೇ ಪ್ರಶ್ನೆ! ಜೇವರ್ಗಿ ಕಾಲೋನಿಯ ನಮ್ಮ ಪಕ್ಕದ ಮನೆಯವರು ಕೇಳಿದ್ದಾರೆ. ನಮ್ಮ ಭಾವ ಟಿವಿ ನ್ಯೂಸ್ ನೋಡಿದಾಗಲೆಲ್ಲ ಕೇಳುತ್ತಾರೆ. (ಪಾಸ್‌ಪೋರ್ಟ್ ಮಾಡಿಸಿಕೊಡ್ತೀರಾ ಎನ್ನುವವರ ಕಥೆ ಬೇರೆ.) ಎಲ್ಲೋ ಯುದ್ಧ ಶುರುವಾದರೆ ಸಾಕು, ನಾನೇ ಬಾಂಬ್ ಹಾಕಿಸಿದ ಹಾಗೆ ನೋಡುತ್ತಾರೆ.

ಈ ಸಲ ಸಿಟ್ಟು ನುಂಗಿಕೊಂಡೆ. ಗರಜು ನನ್ನದಲ್ಲವೇ? ಐಚ್ಛಿಕ ವಿಷಯಕ್ಕೆ ಹತ್ತು ಮಕ್ಕಳಾದರೂ ಇರಬೇಕು, ಇಲ್ಲದಿದ್ದರೆ ಆ ವರ್ಷ ಬಂದ್. ಇದು ನಮ್ಮ ಕಾಲೇಜಿನ ನಿಯಮ. ಒಂಬತ್ತು ಅರ್ಜಿ ಬಂದಿದ್ದವು. ಹತ್ತನೆಯದು ಶರಣಪ್ಪನವರ ಮಗಳು ಭಾಗ್ಯಶ್ರೀಯದು. ಅಂದೇ ಕೊನೆಯ ದಿನ. ಅರ್ಜಿಗೆ ಪಾಲಕರ ಸಹಿ ಬೇಕು, ಅಪ್ಪ ಹಾಕಲೊಲ್ಲರು. ಜಮೀನಿನ ಕಾನೂನು ಓದಿದರೆ ನಾಲ್ಕು ಕೇಸಾದರೂ ಬರುತ್ತವೆ ಎಂಬುದು ಅವರ ವಾದ.

ನಾನು ಒಪ್ಪಂದ, ವಿಶ್ವಸಂಸ್ಥೆ ಅಂತ ಏನೇನೋ ಹೇಳಿದೆ.

"ಪೊಲೀಸ್ರಿಲ್ಲದ ಕಾನೂನು ಎಂಥಾ ಕಾನೂನ್ರೀ?" ಎನ್ನುತ್ತ ಅವರು ಬಸ್ಸಿನಿಂದಿಳಿದ ಗಿರಾಕಿಗೆ ಹಣ್ಣು ತುಂಬತೊಡಗಿದರು. ಕೈಗೆ ಬಂದ ಕೊಳೆತ ಹಣ್ಣೊಂದನ್ನು ಬದಿಗಿಟ್ಟರು.

"ಅಪ್ಪಾ, ಅದನ್ಯಾಕ ತಗದಿ?" ಪಕ್ಕದಲ್ಲೇ ನಿಂತಿದ್ದ ಭಾಗ್ಯಶ್ರೀ ಕೇಳಿದಳು. "ಆ ಮನಷ್ಯಾ ಬಸ್ ಹತ್ತಿ ಹೋಗಾಂವ, ಮತ್ತ ಬರಂಗಿಲ್ಲ. ಇಲ್ಲಿ ಯಾವ ಪೊಲೀಸ ನಿಂತಾನ?"

ಶರಣಪ್ಪ ಗಿರಾಕಿಗೆ ಹಣ್ಣು ಕೊಟ್ಟು ಕೈ ಒರೆಸಿಕೊಂಡರು. ಆಮೇಲೆ, "ಪೆನ್ ಕೊಡ್ರೀ ಮೇಡಂ" ಎಂದರು.

ನನ್ನ ಇಪ್ಪತ್ತೆರಡು ವರ್ಷದ ನೋಟ್ಸ್‌ನಲ್ಲಿ ಇಲ್ಲದ ಉತ್ತರ! ಖುಷಿಗೆ ಒಂದು ಡಜನ್ ಹಣ್ಣು ಕೊಂಡು ಬಸ್ ಹತ್ತಿದೆ.

ಬಸ್ ದಾರಿಯಲ್ಲಿ ಕೆಟ್ಟು ನಿಂತಿತು. (ನಿಲ್ಲದೇ ಇರುತ್ತದೆಯೇ?) ಕಾಲೇಜು ಮುಟ್ಟಿದಾಗ ಐದು ಗಂಟೆ ಹತ್ತು ನಿಮಿಷ. "ಐದಕ್ಕ ಲಾಸ್ಟ್ ಇತ್ರೀ" ಎಂದರು ಗುಮಾಸ್ತರು, ಕಪಾಟಿಗೆ ಬೀಗ ಹಾಕುತ್ತ. ಪ್ರಿನ್ಸಿಪಾಲರ ಬಳಿ ಓಡಿದೆ.

"ರೂಲ್ ಅಂದ್ರ ರೂಲ್. ಕಾನೂನು ಕಲಸೋರು ನೀವು, ನಿಮಗ ನಾ ಹೇಳಬೇಕೇನ್ರೀ?"

ಈ ವರ್ಷ ನನ್ನ ವಿಷಯ ಇಲ್ಲ. ಒಂಬತ್ತು ಮಕ್ಕಳ ಜೊತೆ ಭಾಗ್ಯಶ್ರೀಯೂ ಈಗ ಜಮೀನಿನ ಕಾನೂನು ಓದುತ್ತಿದ್ದಾಳೆ. ಹೊಟ್ಟೆ ಉರಿಯುತ್ತದೆ.

ಊರಿಗೆ ಊರನ್ನೇ ಬಾಂಬ್ ಹಾಕಿ ಕೆಡವಿದವರನ್ನು ಹಿಡಿಯುವವರಿಲ್ಲ. ಹತ್ತು ನಿಮಿಷ ತಡವಾಗಿ ಬಂದ ನನ್ನನ್ನು ಎಷ್ಟು ಚೆನ್ನಾಗಿ ಹಿಡಿದರು ನೋಡಿ!